ಕೂದಲ ತುದಿ ಸೀಳಿದೆಯಾ? ಸೀರಮ್ ಕೊಳ್ಳುವ ಮುಂಚೆ ಎಲ್ಲಿ ಮುರಿದಿದೆ ನೋಡಿ

ಕೂದಲು ಒರಟಾಯಿತು, ತುದಿ ಕವಲೊಡೆಯಿತು ಅಂದ ತಕ್ಷಣ ಹೆಚ್ಚಿನವರು ಹೊಸ ಶಾಂಪೂ ತರುತ್ತಾರೆ. ಅದರಲ್ಲಿ ಆಗದಿದ್ದರೆ ಸೀರಮ್. ಅದೂ ಆಗದಿದ್ದರೆ ಪಾರ್ಲರ್‌ಗೆ ಹೋಗಿ ಕೆರಾಟಿನ್ ಟ್ರೀಟ್‌ಮೆಂಟ್. ಖರ್ಚು ಏರುತ್ತಾ ಹೋಗುತ್ತದೆ, ಕಾರಣ ಮಾತ್ರ ಇದ್ದಲ್ಲೇ ಇರುತ್ತದೆ. ಕೂದಲು ಎಲ್ಲಿ ಮುರಿದಿದೆ, ಯಾವ ಆಕಾರದಲ್ಲಿ ಮುರಿದಿದೆ ಅಂತ ಸರಿಯಾಗಿ ನೋಡಿದರೆ ಕಾರಣ ಬಹುಪಾಲು ಅಲ್ಲೇ ಸಿಗುತ್ತದೆ. ನೋಡಲು ಬೇಕಿರುವುದು ಒಂದು ಬಿಳಿ ಕಾಗದ, ಒಂದು ಗಾಢ ಬಣ್ಣದ ಬಟ್ಟೆ, ಕಿಟಕಿ ಬೆಳಕು, ಮತ್ತೆ ಫೋನಿನ ಕ್ಯಾಮೆರಾ. ಜೂಮ್ ಮಾಡಿದರೆ ಸಾಕು, ಭೂತಗನ್ನಡಿ ಬೇಡ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೀಳಿದ ತುದಿ ಮತ್ತೆ ಕೂಡುವುದಿಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿನಲ್ಲಿ ಜೀವ ಇಲ್ಲ, ಗಾಯ ಮಾಯುವ ಹಾಗೆ ಅದು ಮಾಯಲು ಸಾಧ್ಯವಿಲ್ಲ. ಸೀಳು ಕೂಡಿಸುತ್ತೇವೆ ಅಂತ ಬಾಟಲಿ ಮೇಲೆ ಬರೆದುಕೊಳ್ಳುವ ಸೀರಮ್‌ಗಳು ಮಾಡುವುದು ಇಷ್ಟೇ: ಸಿಲಿಕೋನ್ ಅಥವಾ ಅಂಥದ್ದೇ ಅಂಟು ಪದಾರ್ಥದಿಂದ ಎರಡು ಕವಲನ್ನೂ ತಾತ್ಕಾಲಿಕವಾಗಿ ಅಂಟಿಸುತ್ತವೆ, ತಲೆ ತೊಳೆದರೆ ಹೋಯಿತು. ಮದುವೆ ಮನೆಗೆ ಹೊರಟಾಗ ಹಚ್ಚಿಕೊಳ್ಳಿ, ತಪ್ಪಿಲ್ಲ. ರಿಪೇರಿ ಆಯಿತು ಅಂದುಕೊಳ್ಳಬೇಡಿ.

ಉದುರಿದ್ದೋ, ಮುರಿದದ್ದೋ?

ಬಾಚಣಿಗೆಯಲ್ಲಿ, ಬಚ್ಚಲಿನ ಜಾಲರಿಯಲ್ಲಿ ಸಿಕ್ಕ ಕೂದಲನ್ನು ಗಾಢ ಬಣ್ಣದ ಬಟ್ಟೆ ಮೇಲೆ ಹರಡಿ. ಪೂರ್ತಿ ಉದ್ದದ ಕೂದಲು, ಒಂದು ತುದಿಯಲ್ಲಿ ಚಿಕ್ಕ ಬಿಳಿ ಗುಂಡು ಇದೆ ಅಂದರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ, ಅದಕ್ಕೆ ಗಾಬರಿ ಬೇಡ. ಇದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಅದು ಬೇರೆಯೇ ಸಮಸ್ಯೆ, ಈ ಬರಹದಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಬಿಳಿ ಗುಂಡು ಇಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಸಿಕ್ಕರೆ ಮಾತ್ರ ಮುಂದೆ ಓದಿ. ಅದು ಮುರಿತ.

ತುಂಬಾ ಜನ ಇಲ್ಲೇ ದಾರಿ ತಪ್ಪುತ್ತಾರೆ. ಮುರಿತಕ್ಕೆ ಬುಡಕ್ಕೆ ಹಚ್ಚುವ ಎಣ್ಣೆ, ಈರುಳ್ಳಿ ರಸ, ಬಯೋಟಿನ್ ಮಾತ್ರೆ ಅಂತ ತಿಂಗಳುಗಟ್ಟಲೆ ಕಳೆಯುತ್ತಾರೆ. ಬುಡ ಚೆನ್ನಾಗಿಯೇ ಇರುತ್ತದೆ, ತೊಂದರೆ ಇರುವುದು ಗೇಣು ಕೆಳಗೆ.

ಯಾವ ಜಾಗದಲ್ಲಿ?

ಬರೀ ಕೊನೆಯ ಎರಡು ಮೂರು ಇಂಚಿನಲ್ಲಿ ಕವಲು ಇದ್ದರೆ ಅದು ವಯಸ್ಸು ಮತ್ತು ತಿಕ್ಕಾಟ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ, ಅಷ್ಟು ವರ್ಷದ ಬಾಚಣಿಗೆ, ಬಿಸಿಲು, ಸೋಪು ಎಲ್ಲವನ್ನೂ ಅದು ಕಂಡಿರುತ್ತದೆ. ಉದ್ದ ಕೂದಲಿನವರಿಗೆ ಇಷ್ಟು ಸೀಳು ಇದ್ದೇ ಇರುತ್ತದೆ, ಕತ್ತರಿಸಿದರೆ ಮುಗಿಯಿತು.

ಮಧ್ಯದಲ್ಲಿ, ಒಂದೇ ಎತ್ತರದಲ್ಲಿ ಸಾಲಾಗಿ ಮುರಿದಿದ್ದರೆ ಅಲ್ಲಿ ಏನು ಕಟ್ಟುತ್ತೀರಿ ನೋಡಿ. ಸಾಮಾನ್ಯವಾಗಿ ರಬ್ಬರ್ ಬ್ಯಾಂಡ್. ಬಟ್ಟೆ ಸುತ್ತದ ತೆಳು ರಬ್ಬರ್, ಅದರಲ್ಲೂ ಹಾಲಿನ ಪ್ಯಾಕೆಟ್ಟಿಗೋ ಪಾರ್ಸೆಲ್ ಸಾಂಬಾರಿಗೋ ಕಟ್ಟಿ ಬಂದ ರಬ್ಬರ್ ಬ್ಯಾಂಡು, ಕೂದಲನ್ನು ಹಿಡಿದು ಎಳೆದೇ ಬರುತ್ತದೆ. ಹೂ ಮುಡಿಯುವವರಿಗೆ ಪಿನ್ ಚುಚ್ಚುವ ಜಾಗದಲ್ಲಿ ಹೀಗಾಗುತ್ತದೆ. ಪಿನ್ನಿನ ತುದಿಯ ಪ್ಲಾಸ್ಟಿಕ್ ಗುಂಡು ಕಳಚಿದ್ದರೆ ಆ ಪಿನ್ ಎಸೆಯಿರಿ.

ಹಣೆಯ ಅಂಚಿನಲ್ಲಿ, ಕಿವಿ ಪಕ್ಕದಲ್ಲಿ ಗಿಡ್ಡ ಕೂದಲು ನಿಂತಿದ್ದರೆ ಎರಡು ಸಾಧ್ಯತೆ. ಬಿಗಿಯಾಗಿ ಎಳೆದು ಕಟ್ಟುವುದು ಒಂದು. ಶಾಲೆಗೆ ಎರಡು ಜಡೆ ರಿಬ್ಬನ್ ಹಾಕಿಕೊಂಡು ಹೋಗುವ ಹುಡುಗಿಯರಲ್ಲಿ ಇದನ್ನು ಬೇಕಾದಷ್ಟು ನೋಡಬಹುದು, ವರ್ಷಗಟ್ಟಲೆ ಹೀಗೇ ಎಳೆದರೆ ಅಂಚಿನ ಕೂದಲು ಬುಡಸಮೇತ ಹೋಗಿ ವಾಪಸ್ ಬರದೇ ಇರುವುದೂ ಉಂಟು. ಇನ್ನೊಂದು ಸ್ಟ್ರೇಟ್ನರ್. ಕನ್ನಡಿಯಲ್ಲಿ ಕಾಣುವುದು ಮುಂದಿನ ಕೂದಲು, ಹಾಗಾಗಿ ಅದಕ್ಕೇ ಮೂರು ನಾಲ್ಕು ಸಲ ಎಳೆಯುತ್ತೇವೆ. ಅಲ್ಲಿನ ಕೂದಲೇ ಎಲ್ಲಕ್ಕಿಂತ ತೆಳು.

ಒಂದೇ ಪಕ್ಕ ಜಾಸ್ತಿ ಹಾಳಾಗಿದ್ದರೆ ಬ್ಯಾಗಿನ ಪಟ್ಟಿ ಯಾವ ಹೆಗಲಿಗೆ ಹಾಕುತ್ತೀರಿ, ಯಾವ ಮಗ್ಗುಲಿಗೆ ಮಲಗುತ್ತೀರಿ ಯೋಚಿಸಿ. ಕತ್ತಿನ ಹಿಂದೆ ಒಳಪದರದಲ್ಲಿ ಸಿಕ್ಕು, ಗಂಟು ಇದ್ದರೆ ಕಾಲರು, ಜಾಕೆಟ್ಟು, ಇಲ್ಲವೇ ಹೆಲ್ಮೆಟ್ ಕೆಳಗೆ ಬಿಟ್ಟ ಕೂದಲು ಗಾಳಿಗೆ ಬಡಿದುಕೊಳ್ಳುವುದು. ಗಾಡಿ ಓಡಿಸುವಾಗ ಸಡಿಲವಾಗಿ ಹೆಣೆದು ಶರ್ಟಿನ ಒಳಗೆ ಹಾಕಿಕೊಂಡರೆ ಇದು ನಿಲ್ಲುತ್ತದೆ. ಉದ್ದ ಕೂದಲು ಬಿಟ್ಟ ಹುಡುಗರಿಗೂ ಇದೇ ಮಾತು.

ಯಾವ ಆಕಾರದಲ್ಲಿ?

ಕೂದಲಿನ ಹೊರಪದರದಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹುರುಪೆಗಳು ಕೂತಿರುತ್ತವೆ, ಎಲ್ಲದರ ಅಂಚೂ ತುದಿಯ ಕಡೆಗೆ. ಕೆಲವು ಪದರ ಇದ್ದರೂ ಒಂದೊಂದೂ ತೀರಾ ತೆಳು. ಒಳಗೆ ಇರುವುದು ಕೆರಾಟಿನ್ ಅನ್ನುವ ಪ್ರೋಟೀನಿನ ಉದ್ದುದ್ದ ನಾರು. ಹೊರಪದರ ಸವೆದು ಹೋದ ಕಡೆ ಒಳಗಿನ ನಾರು ಬಿಚ್ಚಿಕೊಳ್ಳುತ್ತದೆ. ಸೀಳು ಅಂದರೆ ಇದೇ.

ತುದಿಯಲ್ಲಿ ಎರಡು ಕವಲಾಗಿದ್ದರೆ ಸಾಮಾನ್ಯ ಸವೆತ. ಒಂದೇ ಕೂದಲಿನ ಪಕ್ಕದಿಂದ ಎಳೆ ಎಳೆಯಾಗಿ ಗರಿಯ ಹಾಗೆ ಎದ್ದಿದ್ದರೆ ಸವೆತ ತುಂಬಾ ಮೇಲೆ ಬಂದಿದೆ ಅಂತ. ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆ ಕಂಡರೆ ಹುಷಾರು, ಅದನ್ನು ಹೊಟ್ಟು, ಸೀರು ಅಂದುಕೊಂಡು ಬಿಡುವವರೇ ಜಾಸ್ತಿ. ಉಗುರಿನಿಂದ ಎಳೆದು ನೋಡಿ. ಸರಿದು ಬಂದರೆ ಹೊಟ್ಟು. ಬರದೆ ಅಲ್ಲೇ ಕೂದಲು ಮಡಚಿ ಮುರಿದರೆ ಆ ಜಾಗದಲ್ಲಿ ನಾರು ಒಡೆದು ಕುಂಚದ ತುದಿಯಾಗಿದೆ ಅಂತ ಅರ್ಥ. ಬಿಸಿ, ಕೆಮಿಕಲ್ಲು, ಒರಟು ಬಾಚಣಿಗೆ, ಮೂರರಲ್ಲಿ ಯಾವುದರಿಂದಲೂ ಇದು ಆಗಬಹುದು.

ಇನ್ನೊಂದು ಪರೀಕ್ಷೆ ಇದೆ, ಸುಲಭದ್ದು. ಉದುರಿದ ಒಂದು ಉದ್ದ ಕೂದಲನ್ನು ನೀರಲ್ಲಿ ನೆನೆಸಿ, ಎರಡೂ ಕಡೆ ಹಿಡಿದು ನಿಧಾನವಾಗಿ ಎಳೆಯಿರಿ. ಚೆನ್ನಾಗಿರುವ ಒದ್ದೆ ಕೂದಲು ಸ್ವಲ್ಪ ಹಿಗ್ಗಿ, ಬಿಟ್ಟರೆ ವಾಪಸ್ ಬರುತ್ತದೆ. ಹಿಗ್ಗದೆ ಪಟ್ ಅಂತ ಹರಿದರೆ ಬಿಸಿಯ ಪೆಟ್ಟಿನ ಸಂಶಯ ಪಡಿ. ಚೂಯಿಂಗ್ ಗಮ್ಮಿನಂತೆ ಹಿಗ್ಗುತ್ತಲೇ ಹೋಗಿ ವಾಪಸ್ ಬರದಿದ್ದರೆ ಬ್ಲೀಚು, ಸ್ಟ್ರೇಟನಿಂಗ್ ಕ್ರೀಮು ಒಳಗಿನ ಬಂಧವನ್ನೇ ಮುರಿದಿದೆ. ಇದು ಲ್ಯಾಬಿನ ಪರೀಕ್ಷೆ ಅಲ್ಲ, ಸುಳಿವು ಅಷ್ಟೇ. ಐದಾರು ಕೂದಲಿನಲ್ಲಿ ಮಾಡಿ ನೋಡಿ.

ಬಿಸಿಯೇ ಕಾರಣ ಅಂತಾದರೆ

ಈ ಭಾಗ ಉದ್ದ ಇದೆ, ಯಾಕೆಂದರೆ ಈಗ ಜಾಸ್ತಿ ಹಾಳಾಗುತ್ತಿರುವುದು ಇಲ್ಲೇ.

ಬೆಂಗಳೂರಿನ ಪಿಜಿಯಲ್ಲಿ ಇರುವ ಹುಡುಗಿಯ ಬೆಳಗ್ಗೆಯನ್ನು ನೆನೆಸಿಕೊಳ್ಳಿ. ಬಚ್ಚಲು ಖಾಲಿಯಾಗುವಾಗಲೇ ತಡ, ಸ್ನಾನ ಮುಗಿಸಿ ಬಂದರೆ ಕ್ಯಾಬ್ ಕೆಳಗೆ ಕಾಯುತ್ತಿದೆ, ಕೂದಲು ಅರ್ಧ ಒಣಗಿದೆ, ಸ್ಟ್ರೇಟ್ನರ್ ಹಾಕಿ ಎಳೆದಳು, ಚುಂಯ್ ಅಂತ ಸದ್ದು ಬಂತು, ಬಿಳಿ ಹಬೆ ಎದ್ದಿತು. ಅವಳ ಅರ್ಧ ಸಮಸ್ಯೆ ಆ ಸದ್ದಿನಲ್ಲೇ ಇದೆ. ಕೂದಲಿನ ಒಳಗೆ ಸೇರಿದ ನೀರು ಒಮ್ಮೆಲೇ ಕುದಿದು ಆವಿಯಾಗುತ್ತದೆ, ಹೊರಗೆ ಹೋಗಲು ಜಾಗ ಸಾಲದೆ ಒಳಗೇ ಗುಳ್ಳೆ ಎಬ್ಬಿಸುತ್ತದೆ. ಇದಕ್ಕೆ ಚರ್ಮವೈದ್ಯರು ಬಬಲ್ ಹೇರ್ ಅಂತಲೇ ಕರೆಯುತ್ತಾರೆ, 1986ರಲ್ಲೇ ಇದರ ವರದಿ ಬಂದಿದೆ. ಗುಳ್ಳೆ ಇರುವ ಕಡೆ ಕೂದಲು ಟೊಳ್ಳು, ಬಾಚಿದರೆ ಅಲ್ಲೇ ಮುರಿಯುತ್ತದೆ. ತಲೆಯ ಒಂದು ಭಾಗದ ಕೂದಲು ಮಾತ್ರ ಗಡುಸಾಗಿ, ಒಣ ಹುಲ್ಲಾಗಿ ಮುರಿಯುತ್ತಿದ್ದರೆ ಮೊದಲ ಸಂಶಯ ಇದರ ಮೇಲೆ ಇರಲಿ.

ತಾಪಮಾನದ ಲೆಕ್ಕವೂ ಇದನ್ನೇ ಹೇಳುತ್ತದೆ. ಪೂರ್ತಿ ಒಣಗಿದ ಕೂದಲಿನ ಕೆರಾಟಿನ್ ಕುಸಿದು ಬೀಳಲು 230 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಕು, ಒದ್ದೆ ಕೂದಲಿಗೆ 150ರ ಆಸುಪಾಸೇ ಸಾಕು. ಮನೆಬಳಕೆಯ ಸ್ಟ್ರೇಟ್ನರುಗಳು 200 ದಾಟುವುದು ಸಾಮಾನ್ಯ, ಕೆಲವು 230ಕ್ಕೂ ಹೋಗುತ್ತವೆ. ಅಂದಮೇಲೆ ಒದ್ದೆ ಕೂದಲಿಗೆ ಅದನ್ನು ಹಾಕುವುದು ಯಾವ ಸೆಟ್ಟಿಂಗಿನಲ್ಲೂ ಸರಿಯಲ್ಲ. ‘ವೆಟ್ ಟು ಡ್ರೈ’ ಅಂತ ಬರೆದಿರುವ ಯಂತ್ರವಾದರೂ ನಾನಂತೂ ನಂಬುವುದಿಲ್ಲ.

ಒಣ ಕೂದಲಿಗೂ 230 ಬೇಕಿಲ್ಲ. ತೆಳು ಕೂದಲು, ಬಣ್ಣ ಹಾಕಿದ ಕೂದಲು ಇದ್ದರೆ 150ರ ಒಳಗೆ ಇಡಿ. ಸಾಧಾರಣ ಕೂದಲಿಗೆ 160ರಿಂದ 180. ತುಂಬಾ ದಪ್ಪ, ಸುರುಳಿ ಕೂದಲಿಗೂ 185ರ ಮೇಲೆ ಮನೆಯಲ್ಲಿ ಹೋಗುವ ಅಗತ್ಯ ಕಾಣುವುದಿಲ್ಲ. ನಿಮ್ಮ ಸ್ಟ್ರೇಟ್ನರಿನಲ್ಲಿ ಆನ್ ಆಫ್ ಬಿಟ್ಟರೆ ಬೇರೆ ಬಟನ್ನೇ ಇಲ್ಲವಾ? ಎಷ್ಟು ಬಿಸಿ ಅಂತ ಅಂದಾಜಿಸಲು ಬಿಳಿ ಟಿಶ್ಯೂ ಕಾಗದವನ್ನು ಕ್ಷಣಹೊತ್ತು ತಟ್ಟೆಗಳ ನಡುವೆ ಹಿಡಿದು ತೆಗೆಯಿರಿ. ಕಂದು ಗೆರೆ ಬಿದ್ದರೆ ಅದು ಕೂದಲಿಗೆ ಹಾಕುವ ಬಿಸಿಯಲ್ಲ. ಅಂಥ ಯಂತ್ರಕ್ಕೆ ದುಡ್ಡು ಕೊಟ್ಟಾಗಿದೆ ಅಂತ ಇಟ್ಟುಕೊಳ್ಳಬೇಡಿ, ಡಿಗ್ರಿ ತೋರಿಸುವುದನ್ನು ತನ್ನಿ.

ಹಾಗೇ ಅದರ ತಟ್ಟೆಗಳನ್ನೂ ನೋಡಿ. ಆರಿದ ಮೇಲೆ ಬೆರಳಾಡಿಸಿದರೆ ನುಣ್ಣಗಿರಬೇಕು. ಲೇಪನ ಎದ್ದಿದ್ದರೆ, ಸುಟ್ಟ ಸೀರಮ್ ಕಪ್ಪಗೆ ಅಂಟಿದ್ದರೆ ಅದು ಕೂದಲನ್ನು ಹಿಡಿದು ಕೆರೆಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಪ್ಲಗ್ ತೆಗೆದು, ಆರಿದ ಮೇಲೆ. ಒಂದು ಎಳೆಗೆ ನಿಧಾನವಾಗಿ ಒಂದೇ ಸಲ, ಜಾಸ್ತಿ ಅಂದರೆ ಎರಡು ಸಲ. ಕಡಿಮೆ ಬಿಸಿಯಲ್ಲಿ ಎಂಟು ಸಲ ಎಳೆದರೆ ಉಳಿತಾಯ ಏನೂ ಆಗಲಿಲ್ಲ.

ಎಣ್ಣೆ ಹಚ್ಚಿದ ಕೂದಲಿಗೆ ಸ್ಟ್ರೇಟ್ನರ್ ಹಾಕುವವರು ಇದ್ದಾರೆ, ಹೊಳಪು ಬರುತ್ತದೆ ಅಂತ. ದಯವಿಟ್ಟು ಬೇಡ. ಬಿಸಿ ತಡೆಯಲು ಅಂತಲೇ ಸಿಗುವ ಸ್ಪ್ರೇ ಬೇರೆ. ಅದನ್ನು ಒದ್ದೆ ಕೂದಲಿಗೆ ಸಮವಾಗಿ ಹಚ್ಚಿ, ಪೂರ್ತಿ ಒಣಗಿಸಿ, ಆಮೇಲೆ ಯಂತ್ರ. ಅದು ಬಿಸಿ ಏರುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಸ್ಪ್ರೇ ಹಾಕಿದ್ದೀನಲ್ಲ ಅಂತ 220ಕ್ಕೆ ಇಟ್ಟರೆ ಕೆಲಸಕ್ಕೆ ಬರುವುದಿಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಒಂದು ಮಾತು. ಸ್ಟ್ರೇಟ್ನರ್ ಕೂದಲನ್ನು ನೆಟ್ಟಗೆ ಮಾಡುವುದು ಹೈಡ್ರೋಜನ್ ಬಂಧಗಳನ್ನು ಬಿಚ್ಚಿ ಮತ್ತೆ ಕೂಡಿಸಿ. ಈ ಬಂಧಗಳು ತೇವ ತಾಗಿದರೆ ಮತ್ತೆ ಸಡಿಲವಾಗುತ್ತವೆ. ಹಾಗಾಗಿ ಮಳೆಗಾಲದಲ್ಲಿ ಬೆಳಗ್ಗೆ ನೆಟ್ಟಗಾದ ಕೂದಲು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಗುಂಗುರು. ಸಂಜೆ ಇನ್ನೊಮ್ಮೆ ಎಳೆದರೆ ಒಂದೇ ದಿನ ಎರಡು ಸಲ ಸುಟ್ಟ ಹಾಗಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಜಡೆ ಹಾಕುವುದೇ ಜಾಣತನ.

ಗುಂಗುರು ಕೂದಲಿನವರು ಬಿಸಿಯ ಹಾನಿ ಆಗಿದೆಯಾ ಅಂತ ತಿಳಿಯಲು ತಲೆ ತೊಳೆದು, ಏನೂ ಹಚ್ಚದೆ, ಬಾಚದೆ ಒಣಗಿಸಿ. ಬುಡದ ಹತ್ತಿರ ಸುರುಳಿ ಬಂದು ಕೆಳಗೆ ನೆಟ್ಟಗೇ ಜೋತುಬಿದ್ದಿದ್ದರೆ ಆ ಭಾಗದ ಸುರುಳಿ ಹೋದಂತೆಯೇ. ಯಾವ ಮಾಸ್ಕ್ ಹಾಕಿದರೂ ಬರುವುದಿಲ್ಲ, ಬೆಳೆದಂತೆ ಕತ್ತರಿಸುತ್ತಾ ಬರಬೇಕು.

ಡ್ರೈಯರ್ ಬಗ್ಗೆ ಭಯ ಸ್ವಲ್ಪ ಜಾಸ್ತಿಯೇ ಇದೆ ಅನಿಸುತ್ತದೆ. 2011ರಲ್ಲಿ ಕೊರಿಯಾದ ಸಂಶೋಧಕರು ಇದನ್ನು ಅಳೆದು ನೋಡಿದ್ದರು. ಡ್ರೈಯರ್ 15 ಸೆಂಟಿಮೀಟರ್ ದೂರ ಇದ್ದಾಗ ಕೂದಲ ಬಳಿ 47 ಡಿಗ್ರಿ, 5 ಸೆಂಟಿಮೀಟರ್‌ಗೆ ತಂದರೆ 95 ಡಿಗ್ರಿ. ಬಿಸಿ ಹೆಚ್ಚಿದಷ್ಟೂ ಮೇಲ್ಪದರಕ್ಕೆ ಪೆಟ್ಟು ಜಾಸ್ತಿ, ಅದು ನಿರೀಕ್ಷಿತವೇ. ಆದರೆ ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲಿ ಒಳಗಿನ ಪದರಗಳನ್ನು ಕೂಡಿಸುವ ಭಾಗಕ್ಕೆ ಪೆಟ್ಟಾಗಿತ್ತು, ಬಹುಶಃ ತುಂಬಾ ಹೊತ್ತು ಒದ್ದೆಯಾಗಿಯೇ ಇದ್ದದ್ದರಿಂದ. 15 ಸೆಂಟಿಮೀಟರ್ ದೂರದಿಂದ, ಕೈ ಆಡಿಸುತ್ತಲೇ ಒಣಗಿಸಿದರೆ ತಾನಾಗಿ ಒಣಗಿಸುವುದಕ್ಕಿಂತಲೂ ಒಳ್ಳೆಯದು ಅಂತ ಅವರು ಹೇಳಿದ್ದಾರೆ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರ, ಒಂದೇ ಕಡೆ ನಿಲ್ಲಿಸಬೇಡಿ, ಗಾಳಿ ಬುಡದಿಂದ ತುದಿಯ ಕಡೆಗೆ ಹೋಗಲಿ. ಒದ್ದೆ ಕೂದಲನ್ನೇ ಹೆಣೆದು ಸಂಜೆವರೆಗೆ ಬಿಡುವ ನಮ್ಮ ಅಭ್ಯಾಸ ಇದಕ್ಕಿಂತ ಕೆಟ್ಟದ್ದು.

ಬಿಸಿ ಮುಟ್ಟಿಸದೇ ಇದ್ದರೂ ಮುರಿಯುತ್ತಿದೆ ಅಂದರೆ

ಆಗ ಬಚ್ಚಲಿನಿಂದ ಹೊರಗೆ ಬಂದ ಮೊದಲ ಹತ್ತು ನಿಮಿಷ ನೋಡಿ. ಒದ್ದೆ ಕೂದಲು ಉಬ್ಬಿರುತ್ತದೆ, ಸುಲಭವಾಗಿ ಹಿಗ್ಗುತ್ತದೆ, ಎಳೆದರೆ ಬೇಗ ಹರಿಯುತ್ತದೆ. ಅದೇ ಹೊತ್ತಿಗೆ ನಾವು ಮಾಡುವುದೇನು? ದಪ್ಪ ಟವೆಲ್‌ನಲ್ಲಿ ಗಸಗಸ ಉಜ್ಜುತ್ತೇವೆ. ಇಲ್ಲವೇ ಬಗ್ಗಿ ನಿಂತು ಟವೆಲ್ಲಿನಿಂದ ಪಟಪಟ ಬಡಿಯುತ್ತೇವೆ. ಅಜ್ಜಿ ಕಾಲದಿಂದ ಬಂದ ಬಡಿತ ಇದು, ನೀರೇನೋ ಹಾರುತ್ತದೆ, ತುದಿಯೂ ಹಾರುತ್ತದೆ. ಹಳೇ ಹತ್ತಿ ಪಂಚೆ ಅಥವಾ ಟೀ ಶರ್ಟ್ ತಗೊಂಡು ಒತ್ತಿ ನೀರು ತೆಗೆಯಿರಿ. ಉಜ್ಜಬೇಡಿ.

ಸಿಕ್ಕು ಬಿಡಿಸಲು ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರು ಮಾಡಿ ಮೇಲೆ ಬನ್ನಿ. ಮೇಲಿಂದ ಒಂದೇ ಸಲ ಎಳೆದರೆ ಎಲ್ಲ ಸಿಕ್ಕೂ ಕೆಳಗೆ ಬಂದು ಒಂದೇ ಗಂಟಾಗುತ್ತದೆ. ನೆಟ್ಟಗಿನ ಕೂದಲಿನವರು ಮುಕ್ಕಾಲು ಒಣಗಿದ ಮೇಲೆ ಬಾಚಿ. ಗುಂಗುರು ಕೂದಲಿಗೆ ಮಾತ್ರ ಕಂಡೀಷನರ್ ಇರುವಾಗಲೇ ಬಿಡಿಸುವುದು ಸುಲಭ. ಹೇನು ತೆಗೆಯುವ ಸೀರಣಿಗೆಯನ್ನು ದಿನಾ ಬಳಸಬೇಡಿ.

ಸೀಗೆಕಾಯಿ ಹಾಕುವವರು ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ. ಸೀಗೆಕಾಯಿ ಒಳ್ಳೆಯದೇ, ಆದರೆ ಮಿಲ್ಲಿನಲ್ಲಿ ಒರಟಾಗಿ ಬೀಸಿಸಿದ ಪುಡಿಯನ್ನು ಉದ್ದ ಕೂದಲಿಗೆ ಹಚ್ಚಿ ತಿಕ್ಕಿದರೆ ಮರಳಿನಲ್ಲಿ ತಿಕ್ಕಿದ ಹಾಗೆ. ನೆನೆಸಿ ಕುದಿಸಿ ಸೋಸಿದ ನೀರು ಹಾಕಿದರೆ ಇನ್ನೂ ಒಳ್ಳೆಯದು. ಮೈ ಸೋಪನ್ನು ತಲೆಗೆ ಹಾಕಬೇಡಿ, ಅದು ಕ್ಷಾರ, ಹುರುಪೆ ಎದ್ದು ನಿಲ್ಲುತ್ತದೆ.

ನೀರಿನ ಸಂಶಯ

ಊರು ಬದಲಾದ ಮೇಲೆ, ಮನೆ ಬದಲಾದ ಮೇಲೆ ಕೂದಲು ಒರಟಾಯಿತಾ? ನೀರು ನೋಡಿ. ಕಾವೇರಿ ನೀರಿನ ಮನೆಯಿಂದ ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿಗೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ನಲ್ಲಿ ಮೇಲೆ, ಬಕೆಟ್ ಒಳಗೆ ಬಿಳಿ ಪಟ್ಟೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ್ದರ ಒಟ್ಟು ಅಂದಾಜು ಕೊಡುತ್ತದೆ, ಗಡಸುತನ ಅಳೆಯುವುದಿಲ್ಲ, ಗಡಸುತನಕ್ಕೆ ಬೇರೆ ಪರೀಕ್ಷೆ ಪಟ್ಟಿ ಸಿಗುತ್ತದೆ.

ಖಚಿತ ಮಾಡಿಕೊಳ್ಳಲು ಸುಲಭ ದಾರಿ: ಎರಡು ಮೂರು ಸಲ ಕೊನೆಯ ಚೆಂಬುಗಳಿಗೆ ಆರ್‌ಒ ಫಿಲ್ಟರ್ ನೀರು ಅಥವಾ ಮಳೆನೀರು ಹಾಕಿ ನೋಡಿ. ಕೂದಲು ಮೆತ್ತಗಾದರೆ ಅಪರಾಧಿ ಸಿಕ್ಕಿತು. ತಿಂಗಳಿಗೆ ಒಂದೆರಡು ಸಲ ಇಡಿಟಿಎ (ಗಡಸು ನೀರಿನ ಖನಿಜವನ್ನು ಹಿಡಿದುಕೊಳ್ಳುವ ರಾಸಾಯನಿಕ) ಇರುವ ಶಾಂಪೂ, ಪ್ರತಿ ಸಲ ಕಂಡೀಷನರ್, ಇಷ್ಟು ಮಾಡಿದರೆ ಸಾಕಾಗುತ್ತದೆ. ಗಡಸು ನೀರು ಒರಟು ಮಾಡುತ್ತದೆ, ಒರಟಾದ ಕೂದಲು ಒಂದಕ್ಕೊಂದು ಸಿಕ್ಕಿ ಬಾಚುವಾಗ ಮುರಿಯುತ್ತದೆ. ಕೂದಲು ಬುಡದಿಂದ ಉದುರುವುದಕ್ಕೆಲ್ಲಾ ಬೋರ್‌ವೆಲ್ ನೀರನ್ನೇ ಬೈಯುವುದು ಮಾತ್ರ ಅತಿಯಾಯಿತು.

ಕಲಬುರಗಿ, ರಾಯಚೂರಿನ ಬಿಸಿಲೂ ಹೊರಪದರವನ್ನು ತಿನ್ನುತ್ತದೆ. ಹೊರಗೆ ಹೋಗುವಾಗ ತಲೆ ಮೇಲೆ ಸೆರಗೋ ದುಪಟ್ಟಾವೋ ಇರಲಿ.

ಪಾರ್ಲರ್‌ಗೆ ಹೋಗುವ ಮುಂಚೆ

ಬಿಸಿಯಿಂದ ಹಾಳಾದ ಕೂದಲಿಗೆ ಕೆರಾಟಿನ್ ಮಾಡಿಸಿ ಅಂತ ಸಲಹೆ ಕೊಡುತ್ತಾರೆ. ಅಲ್ಲಿ ಮಾಡುವುದೇನು ಅಂದರೆ ಕ್ರೀಮ್ ಹಚ್ಚಿ 200 ದಾಟಿದ ಸ್ಟ್ರೇಟ್ನರಿನಿಂದ ಒಂದೊಂದು ಎಳೆಗೂ ಹಲವು ಸಲ ಎಳೆಯುವುದು. ಬೆಂಕಿ ಆರಿಸಲು ಬೆಂಕಿಯೇ ಬೇಕಾ? ಕೆಲವು ಕ್ರೀಮುಗಳಲ್ಲಿ ಬಿಸಿಗೆ ಫಾರ್ಮಾಲ್ಡಿಹೈಡ್ ಆವಿ ಬರುತ್ತದೆ, ಕಣ್ಣು ಮೂಗು ಉರಿಯುವುದು ಅದಕ್ಕೇ. ಗ್ಲೈಆಕ್ಸಿಲಿಕ್ ಆಮ್ಲ ಇರುವ ಕ್ರೀಮ್ ಹಾಕಿಸಿಕೊಂಡ ಒಬ್ಬ ಯುವತಿಗೆ ಹಾಕಿಸಿದ ಪ್ರತಿ ಸಲವೂ ಕಿಡ್ನಿಗೆ ಪೆಟ್ಟಾದ ವರದಿ 2024ರಲ್ಲಿ ಬಂದಿದೆ. ಹಾಕಿಸುವುದಾದರೆ ಡಬ್ಬಿ ತೋರಿಸಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಒದ್ದೆ ಕೂದಲು ಗಮ್ಮಿನಂತೆ ಹಿಗ್ಗುತ್ತಿದ್ದರೆ ಬಣ್ಣ, ಬ್ಲೀಚ್, ಕೆರಾಟಿನ್ ಯಾವುದೂ ಬೇಡ.

ಎಣ್ಣೆ ಮತ್ತು ಕತ್ತರಿ

ಕೊಬ್ಬರಿ ಎಣ್ಣೆ ಬಗ್ಗೆ ಅಮ್ಮ ಹೇಳಿದ್ದು ಸರಿ, ಹಚ್ಚುವ ಜಾಗ ಮಾತ್ರ ಬದಲಾಗಬೇಕು. 2003ರಲ್ಲಿ ಪ್ರಕಟವಾದ ಭಾರತದ್ದೇ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದಾಗ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲ ಚಿಕ್ಕದು, ನೆಟ್ಟಗಿನದು, ಕೂದಲ ಒಳಗೆ ಇಳಿಯುತ್ತದೆ. ಸ್ನಾನಕ್ಕೆ ಮುಂಚೆ, ನಡುಮಧ್ಯದಿಂದ ತುದಿಯವರೆಗೆ ಹಚ್ಚಿ ಬಿಡಿ. ನೆತ್ತಿಗೆ ಸುರಿದುಕೊಂಡು ತುದಿಯನ್ನು ಒಣಗಲು ಬಿಟ್ಟರೆ ಸೀಳುವುದು ನಿಲ್ಲುವುದಿಲ್ಲ.

ಸೀಳಿದ್ದನ್ನು ಕತ್ತರಿಸುವಾಗ ಸೀಳು ಮುಗಿಯುವ ಜಾಗಕ್ಕಿಂತ ಒಂದು ಸೆಂಟಿಮೀಟರ್ ಮೇಲೆ ಕತ್ತರಿಸಿ. ಅಡುಗೆಮನೆ ಕತ್ತರಿ, ಹಾಲಿನ ಪ್ಯಾಕೆಟ್ ಕತ್ತರಿ ಬೇಡ. ಮೊಂಡು ಅಲಗು ತುದಿಯನ್ನು ಜಜ್ಜುತ್ತದೆ, ಅಲ್ಲಿಂದಲೇ ಮತ್ತೆ ಸೀಳು ಶುರು. ಉದ್ದ ಕಳೆದುಕೊಳ್ಳಲು ಮನಸ್ಸಿಲ್ಲದವರು ಸಣ್ಣ ಸಣ್ಣ ಎಳೆ ತಿರುಚಿ ಹಿಡಿದು ಹೊರಗೆ ನಿಂತ ಕವಲುಗಳನ್ನಷ್ಟೇ ಕತ್ತರಿಸಬಹುದು, ತಾಳ್ಮೆ ಬೇಕು. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅನ್ನುವುದು ಸುಳ್ಳು, ಬೆಳೆಯುವುದು ಬುಡದಲ್ಲಿ, ಕತ್ತರಿ ಬೀಳುವುದು ತುದಿಯಲ್ಲಿ. ಮಂಗಳವಾರ ಬೇಡ ಅಂತ ಮನೆಯಲ್ಲಿ ಹೇಳಿದರೆ ಬುಧವಾರ ಮಾಡಿ, ಜಗಳ ಯಾಕೆ. ಬಿಸಿ ಬಳಸುವವರಿಗೆ ಎರಡು ಮೂರು ತಿಂಗಳಿಗೊಮ್ಮೆ, ಉಳಿದವರಿಗೆ ವರ್ಷಕ್ಕೆ ಎರಡು ಸಲ ಸಾಕು.

ಬದಲಾವಣೆ ಮಾಡುವಾಗ ಒಂದು ಸಲಕ್ಕೆ ಒಂದೇ ಮಾಡಿ. ಟವೆಲ್, ಶಾಂಪೂ, ಎಣ್ಣೆ, ನೀರು ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ತುದಿ ಕತ್ತರಿಸಿ, ಫೋಟೋ ತೆಗೆದಿಟ್ಟು, ಎರಡು ತಿಂಗಳ ನಂತರ ಅದೇ ಬೆಳಕಿನಲ್ಲಿ ಮತ್ತೆ ನೋಡಿ. ಹೊಸ ಕವಲು ಬಂದಿಲ್ಲ ಅಂದರೆ ಸರಿಯಾದ ಕಡೆಯೇ ಕೈ ಇಟ್ಟಿದ್ದೀರಿ.

ಡಾಕ್ಟರ್ ಹತ್ತಿರ ಯಾವಾಗ?

ಬಿಸಿ, ಕೆಮಿಕಲ್ ಏನೂ ಮುಟ್ಟಿಸದೆ ಕೂದಲು ಪುಡಿ ಪುಡಿ ಮುರಿಯುತ್ತಿದ್ದರೆ, ಜೊತೆಗೆ ಸುಸ್ತು, ಚರ್ಮ ಒಣಗುವುದು, ತೂಕ ಏರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ನೆತ್ತಿಯಲ್ಲಿ ದುಂಡಗೆ ಬೋಳಾದರೆ, ತುರಿಕೆ, ಕೀವು ಇದ್ದರೆ, ಮಗುವಿನ ಕೂದಲು ಹುಟ್ಟಿನಿಂದಲೂ ಗಿಡ್ಡವಾಗಿಯೇ ಮುರಿಯುತ್ತಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಹೋಗುವ ದಿನ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ನೆತ್ತಿ ಕಾಣುವುದಿಲ್ಲ. ಮುರಿದ ಹತ್ತಿಪ್ಪತ್ತು ಕೂದಲನ್ನು ಬಿಳಿ ಕಾಗದದಲ್ಲಿ ಮಡಚಿಟ್ಟು ತಗೊಂಡು ಹೋಗಿ, ಕಳೆದ ಒಂದು ವರ್ಷದಲ್ಲಿ ತಲೆಗೆ ಏನೇನು ಹಾಕಿಸಿಕೊಂಡಿರಿ ಅನ್ನುವುದನ್ನೂ ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದು ಅದನ್ನೇ.